ಕುಣಿಯುವ ಕಾಲಿಗೆ ಯಾರ ಹಾಡು?



1998ರಲ್ಲಿ ಜಪಾನಿನ ಕೊನಾಮಿ ಕಂಪನಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಎಂಬ ಆಟದ ಯಂತ್ರ ತಂದಿತು. ತೆರೆಯ ಮೇಲೆ ಬಾಣದ ಗುರುತು ಏರಿ ಬರುತ್ತದೆ. ತಾಳ ತಪ್ಪದೆ ಕೆಳಗಿನ ಬಾಣವನ್ನು ಕಾಲಲ್ಲಿ ತುಳಿಯಬೇಕು. ಆದರೆ ಹಾಡುಗಳು? ಬಹುಪಾಲು ಇಂಗ್ಲಿಷ್!

ಮರುವರ್ಷವೇ ದಕ್ಷಿಣ ಕೊರಿಯಾದ ಆಂಡಮಿರೊ ಕಂಪನಿ ‘ಪಂಪ್ ಇಟ್ ಅಪ್’ ತಂದಿತು. ಬಾಣಗಳನ್ನು ಮೂಲೆಗೆ ಸರಿಸಿ, ನಡುವೆ ಐದನೆಯ ಮೆಟ್ಟು ಇಟ್ಟರು. ಜೊತೆಗೆ ತಮ್ಮ ಕೊರಿಯನ್ ಹಾಡುಗಳನ್ನೇ ತುಂಬಿದರು. ಅವರ ಬಾನ್ಯಾ ತಂಡ ಬೀಥೋವನ್‌ನ ಪಿಯಾನೋ ಸಂಗೀತವನ್ನೂ ಈ ಕುಣಿತಕ್ಕೆ ಒಗ್ಗಿಸಿತು.

ಯಂತ್ರ ಎಲ್ಲಿಂದಲೇ ಬರಲಿ, ಹಾಡು ನಮ್ಮದಾದರೆ ಕುಣಿಯುವ ಮಗುವಿನ ಬಾಯಲ್ಲಿ ನಮ್ಮ ನುಡಿ ಉಳಿಯುತ್ತದೆ. ನಿಮ್ಮೂರಲ್ಲಿ ಇಂಥ ಯಂತ್ರ ಕಂಡರೆ ಮೊದಲು ಕೇಳಿ: ಇದರಲ್ಲಿ ಕನ್ನಡ ಹಾಡೆಲ್ಲಿ?