ಪಕ್ಕದವರೇ ಗುರುಗಳು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು)



ಭಾಷಣ ಮಾಡುವಷ್ಟು ಓದಿದವರು ನಾವಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಹಾಜರಿ ಕಚೇರಿ ಸೇರಿದವರು; ಬಿಡುವಾದಾಗ ಇಲ್ಲಿ ಬಂದು ಪುಸ್ತಕ ಜೋಡಿಸುವವರು. ದುಡಿಯುವ ಜಾಗದಲ್ಲಿ ಜೊತೆಗಾರರು ಒಬ್ಬರಿಗೊಬ್ಬರು ಕೆಲಸ ಕಲಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಮೇಲು.

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ನಮ್ಮ ಊರ ಕಡೆಯ ಹುಡುಗನೊಬ್ಬ ಹೊಸದಾಗಿ ಬಂದ. ಇಲ್ಲಿಯ ಭಾಷೆ ಬಾರದು, ಪರಿಚಯದವರಿಲ್ಲ. ಮೊದಲ ದಿನ ಏನೋ ಕೇಳಿದ. “ನೋಡಿ ಕಲಿತುಕೋ, ನಮಗೇನು ಯಾರಾದರೂ ಕಲಿಸಿದ್ದರೇ?” ಎಂದೆವು. ಎರಡನೆಯ ಸಲ ಕೇಳಿದಾಗ, “ಇಷ್ಟೂ ತಿಳಿಯದೇ?” ಎಂದು ನಕ್ಕೆವು. ಮೂರನೆಯ ಸಲ ಅವನು ಕೇಳಲಿಲ್ಲ. ಆ ತಿಂಗಳು ರಾತ್ರಿ ಪಾಳಿಯವರ ಹೆಚ್ಚುವರಿ ಗಂಟೆಗಳನ್ನು ಬೇರೆ ಕಲಮಿನಲ್ಲಿ ಬರೆದುಬಿಟ್ಟ. ಬರೆಯುವಾಗಲೇ ಅವನಿಗೆ ಸಂಶಯವಿತ್ತಂತೆ. ಕೇಳಲು ಬಾಯಿ ಬರಲಿಲ್ಲ. ಪಗಾರದ ದಿನ ಹನ್ನೊಂದು ಮಂದಿಗೆ ಹಣ ಕಡಿಮೆ ಬಂತು. ಅವರಲ್ಲಿ ಒಬ್ಬರು ಆ ಹಣವನ್ನೇ ನಂಬಿ ಊರಿನಲ್ಲಿ ತಾಯಿಯ ಔಷಧಕ್ಕೆ ಮಾತು ಕೊಟ್ಟಿದ್ದರು. ಬೈಗುಳು ಹುಡುಗನಿಗೆ ಬಿತ್ತು. ತಪ್ಪು ಮಾತ್ರ ನಮ್ಮದು.

ನಾವು ಏಕೆ ಕಲಿಸಲಿಲ್ಲ? ಸತ್ಯ ಹೇಳುವುದಾದರೆ, ಅಂಜಿಕೆ. ಕೆಲಸದ ಗುಟ್ಟು ನಮ್ಮ ಕೈಯಲ್ಲಿದ್ದರೆ ಕುರ್ಚಿ ಭದ್ರ, ಬಿಟ್ಟುಕೊಟ್ಟರೆ ಕುರ್ಚಿಯೂ ಹೋದೀತು ಎಂಬ ಎಣಿಕೆ. ಆದರೆ ನಡೆದದ್ದು ಬೇರೆ. ನಮ್ಮ ಕೆಲಸ ಇನ್ನೊಬ್ಬರಿಗೆ ಬಾರದೆಂದು ಊರ ಜಾತ್ರೆಗೂ ತಂಗಿಯ ಸೀಮಂತಕ್ಕೂ ನಮಗೆ ರಜೆ ಸಿಕ್ಕಲಿಲ್ಲ. ಗುಟ್ಟನ್ನು ನಾವು ಕಟ್ಟಿಹಾಕಿದ್ದೆವೆಂದುಕೊಂಡಿದ್ದೆವು; ಗುಟ್ಟೇ ನಮ್ಮನ್ನು ಕಟ್ಟಿಹಾಕಿತ್ತು.

ಜೊತೆಗಾರರು ಕೈಗೂಡಿಸಿದರೆ ಏನಾಗುವುದೆಂಬುದಕ್ಕೆ ನಮ್ಮ ಗಿರಣಿಗಳ ಚರಿತ್ರೆಯಲ್ಲೇ ಒಂದು ನಿದರ್ಶನವುಂಟು. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬವರು ಬಂದರು. ಅಲ್ಲಿ 224 ಸ್ವಯಂಚಾಲಿತ ಮಗ್ಗಗಳ ಒಂದು ಶೆಡ್ ಇತ್ತು. ಯಂತ್ರ ಹೊಸದು, ಆದರೂ ನಿರೀಕ್ಷಿಸಿದಷ್ಟು ಫಲ ಬಂದಿರಲಿಲ್ಲ. ಕೆಲಸವನ್ನು ಚೂರುಚೂರಾಗಿ ಹಂಚಿದ್ದರು. ನೇಯುವವನೊಬ್ಬ, ನೂಲು ತುಂಬುವವನೊಬ್ಬ, ಎಣ್ಣೆ ಹಾಕುವವನೊಬ್ಬ, ಗುಡಿಸುವವನೊಬ್ಬ. ಒಬ್ಬೊಬ್ಬನ ಪಾಲಿಗೆ ಒಂದೊಂದು ಲೆಕ್ಕದ ಮಗ್ಗಗಳು. ಹೀಗಾಗಿ ಇಂಥವರೆಲ್ಲ ಒಂದೇ ತಂಡದವರೆಂದು ಹೇಳುವಂತಿರಲಿಲ್ಲ. ಇಷ್ಟು ಮಗ್ಗಕ್ಕೆ ಇಷ್ಟು ಮಂದಿಯ ಒಂದು ಗುಂಪು ಇರಲಿ, ಆ ಮಗ್ಗಗಳ ಹೊಣೆ ಆ ಗುಂಪಿನದೇ ಆಗಲಿ ಎಂಬ ಸೂಚನೆ ಬಂದಾಗ, ಕೆಲಸಗಾರರೇ ಮುಂದೆ ಬಂದು ತಮ್ಮ ಗುಂಪುಗಳನ್ನು ಕಟ್ಟಿಕೊಂಡರು. ಗುಂಪಿನೊಳಗೆ ಒಬ್ಬರು ಇನ್ನೊಬ್ಬರ ಕೆಲಸಕ್ಕೆ ಕೈಹಾಕಿದರು. ಆರಂಭದಲ್ಲಿ ಏರುಪೇರಾದರೂ ಬರಬರುತ್ತ ಉತ್ಪಾದನೆ ಏರಿತು, ಕೆಟ್ಟ ಬಟ್ಟೆ ಇಳಿಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಅವರು ಹೋಗಿ ನೋಡಿದಾಗ ಒಂದು ಶೆಡ್‌ನಲ್ಲಿ ಆ ಪದ್ಧತಿ ಉಳಿದಿತ್ತು, ಬೇರೆಡೆ ಬಹಳ ಸಡಿಲವಾಗಿತ್ತು. ಒಳ್ಳೆಯ ಪದ್ಧತಿಯನ್ನು ಒಮ್ಮೆ ಹೂಡಿದರೆ ಸಾಲದು, ದಿನವೂ ನೀರೆರೆಯಬೇಕೆಂದು ನಾವು ಇದರಿಂದ ತಿಳಿಯಬೇಕು.

ಇನ್ನೊಂದು ನಿದರ್ಶನ ಶಾಲೆಯದು. ಅಮೆರಿಕದಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬವರು 1980ರ ದಶಕದಲ್ಲಿ ಉಪಾಧ್ಯಾಯರು ಒಬ್ಬರಿಂದೊಬ್ಬರು ಕಲಿಯುವ ಕ್ರಮವನ್ನು ರೂಢಿಗೆ ತಂದರು. ಒಬ್ಬರ ಪಾಠವನ್ನು ಮತ್ತೊಬ್ಬರು ನೋಡಿ ಗುಣದೋಷ ಹೇಳುವುದು ಅದರಲ್ಲಿ ಒಂದು ಭಾಗವಾಗಿತ್ತು. ಆದರೆ ಗುಣದೋಷ ಹೇಳಹೊರಟ ಗೆಳೆಯ ತನಗರಿಯದೆ ಮೇಲಧಿಕಾರಿಯಾಗಿಬಿಡುತ್ತಾನೆಂದು ಕಂಡು, 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಭಾಗವನ್ನೇ ಬಿಟ್ಟುಬಿಡಿರೆಂದರು. ಅವರ ಲೆಕ್ಕದಲ್ಲಿ ಕೆಲಸ ಮಾಡಿ ತೋರಿಸುವವನೇ ಗುರು, ನೋಡಲು ಬಂದವನೇ ಶಿಷ್ಯ. ನಾಳೆ ಅದು ತಿರುಗುಮುರುಗು.

ಆ ಪಗಾರದ ಪ್ರಸಂಗವಾದ ಮೇಲೆ ನಾವೂ ನಮ್ಮ ಕಚೇರಿಯಲ್ಲಿ ಒಂದು ಕ್ರಮ ಇಟ್ಟುಕೊಂಡೆವು. ವಾರಕ್ಕೆ ಮೂರು ದಿನ, ಕಾಲು ಗಂಟೆ, ಇಬ್ಬಿಬ್ಬರಾಗಿ ಕೂಡುವುದು. ಬಲ್ಲವರು ಮೊದಲು ನಿಧಾನವಾಗಿ ಮಾಡಿ ತೋರಿಸಬೇಕು. ಬಳಿಕ ಕಲಿಯುವವರು ಮಾಡುವಾಗ ಬಲ್ಲವರು ಕೈಕಟ್ಟಿ ಕುಳಿತಿರಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ! ಕೇಳಿದ ಪ್ರಶ್ನೆಗೆ ನಗಕೂಡದು. ಅಲ್ಲಿ ಒಪ್ಪಿಕೊಂಡ ತಪ್ಪನ್ನು ಆಗಲೇ ಜೊತೆಗೂಡಿ ತಿದ್ದಬೇಕು. ಚಹದ ಅಂಗಡಿಯಲ್ಲಿ ಅದನ್ನು ಆಡಿಕೊಳ್ಳಕೂಡದು, ಸಾಹೇಬರ ಬಳಿ ಚಾಡಿಯಾಗಿಸಕೂಡದು.

ಕೆಲವು ತಿಂಗಳಾದ ಮೇಲೆ ಆ ಹುಡುಗನೇ ಒಂದು ದಿನ, “ಅಣ್ಣಾ, ತಪ್ಪು ತಿಳಿಯಬೇಡಿ, ಈ ಪಟ್ಟಿಯನ್ನು ಕೈಯಿಂದ ಕೂಡಿಸುವುದು ಬೇಡ, ಕಂಪ್ಯೂಟರೇ ಕೂಡಿಸುತ್ತದೆ, ತೋರಿಸಲೇ?” ಎಂದ. ತೋರಿಸಿದ. ಎರಡು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು. ಅವನು ಮೊದಲ ದಿನ ಬಂದಾಗಲೂ ಅದನ್ನು ಬಲ್ಲವನೇ ಆಗಿದ್ದ. ನಾವು ಕೇಳಿರಲಿಲ್ಲ, ಅವನಿಗೆ ಹೇಳುವ ಧೈರ್ಯವಿರಲಿಲ್ಲ.

ಒಂದು ಎಚ್ಚರಿಕೆಯ ಮಾತು. ತರಬೇತಿ ಕೊಡುವುದು ಮಾಲೀಕರ ಹೊಣೆ; ಗೆಳೆಯರ ಕಾಲು ಗಂಟೆಯನ್ನು ತೋರಿಸಿ ಅವರು ಆ ಹೊಣೆಯಿಂದ ಜಾರಿಕೊಳ್ಳುವಂತಾಗಬಾರದು. ಓಡುವ ಯಂತ್ರದ ಮೇಲೆ ಹೊಸಬರ ಕೈ ಇಡಿಸುವ ಸಾಹಸವನ್ನೂ ಯಾರೂ ಮಾಡಬಾರದು.

ಬಂಧುಗಳೇ, ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ನಾವು. ನಾವು ಬಂದಾಗ ಯಾರೋ ಒಬ್ಬರು ಕೋಣೆಯಲ್ಲಿ ಚಾಪೆಯಷ್ಟು ಜಾಗ ಕೊಟ್ಟರು, ರೈಲಿನ ಪಾಸು ಎಲ್ಲಿ ಸಿಗುತ್ತದೆಂದು ತೋರಿಸಿದರು. ಆ ಉಪಕಾರವನ್ನು ಕೋಣೆಯ ಹೊಸ್ತಿಲಿಗೇ ನಿಲ್ಲಿಸದೆ ಕೆಲಸದ ಮೇಜಿನವರೆಗೂ ಕೊಂಡೊಯ್ಯೋಣ. ಅಲ್ಲಿ ಹೊಸಬರು ನಮ್ಮ ಭಾಷೆಯವರೇ ಆಗಿರಬೇಕೆಂದಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಪಕ್ಕದವರನ್ನು “ಯಾವುದಾದರೂ ತಿಳಿಯದೆ ಉಳಿದಿದೆಯೇ?” ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ. ಇಷ್ಟೇ ನಮ್ಮ ಬಿನ್ನಹ.