ದೀಪಾಲಂಕಾರದ ಆಯ್ಕೆ



ಡಿ.ಜೆ.ಯವರು ತರುವ ಎಲ್‌ಇಡಿ ಪಾರ್ ಲೈಟುಗಳನ್ನು ಈ ಸಲ ಕೆಳಗಿನಿಂದ ಗೋಪುರಕ್ಕೆ ಬಿಡಬೇಕೆಂಬುದು ನಮ್ಮ ತರುಣರ ಆಸೆ. ಆಗಲಿ. ಹಳೆಯ ದೊಡ್ಡ ಹ್ಯಾಲೊಜನ್ ಒಂದಕ್ಕೇ 1000 ವಾಟ್ ಬೇಕಿತ್ತು. 3 ವಾಟಿನ 54 ಬಿಂದುಗಳಿರುವ ಎಲ್‌ಇಡಿಗೆ ಸುಮಾರು 160 ಸಾಕು. ಜನರೇಟರಿನ ಡೀಸೆಲ್ ಉಳಿಯುತ್ತದೆ.

ಆದರೆ ಅಂಗಡಿ ಇಟ್ಟವನಿಗೆ ಅಗ್ಗದ ಮಾಲಿನ ಗುಣ ಗೊತ್ತು. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರೇ ಬಣ್ಣ. ಬರೀ ನೀಲಿ ಹಚ್ಚಿದರೆ ಕುಂಕುಮವೂ ದಾಸವಾಳವೂ ಕಪ್ಪಾಗಿ ಕಾಣುತ್ತವೆ! ಬಾಡಿಗೆ ಮಾತಾಡುವ ಮೊದಲು ಚಿಟಿಕೆ ಕುಂಕುಮವನ್ನು ಆ ಬೆಳಕಿಗೆ ಹಿಡಿದು ನೋಡಿ. ಹಳದಿ ಛಾಯೆಯ ಬಿಳಿ ಬೆಳಕು ಪ್ರತ್ಯೇಕವಾಗಿ ಇರುವುದನ್ನೇ ಕೇಳಿ. ಗರ್ಭಗುಡಿಗೆ ಎಣ್ಣೆದೀಪವೇ ಇರಲಿ.

ಅಂಗಳದಲ್ಲಿಡುವ ಲೈಟಿನ ಮೇಲೆ ‘ಐಪಿ 65’ ಎಂದು ಬರೆದಿರಬೇಕು. ಧೂಳು ಒಳಹೋಗದು, ನೀರು ಚಿಮ್ಮಿದರೂ ತಡೆದೀತು. ಮದುವೆ ಹಾಲಿನೊಳಗೆ ಬಳಸುವ ಅಗ್ಗದವುಗಳಿಗೆ ಸಾಮಾನ್ಯವಾಗಿ ಈ ಗುಣವಿಲ್ಲ. ನಮ್ಮದು ಕಡಲಿನ ಉಪ್ಪುಗಾಳಿಯ ಊರು, ಭಕ್ತರು ಬರಿಗಾಲಲ್ಲಿ ನಡೆಯುವ ಅಂಗಳ. ಅರ್ಥಿಂಗ್, ಆರ್‌ಸಿಸಿಬಿ ಇಲ್ಲದೆ ಒಂದು ವೈರನ್ನೂ ಎಳೆಯಕೂಡದು.

ಇನ್ನೊಂದು ಮಾತು. ದಾಬೋಲಿಮ್‌ನಲ್ಲಿ ವಿಮಾನ ಇಳಿಯುವುದು ನಮ್ಮ ಹತ್ತಿರದಲ್ಲೇ. ಆಕಾಶಕ್ಕೆ ಬಿಡುವ ಲೇಸರನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಹೀಗೆ ನೋಡಿ ಆರಿಸಿದ ಲೈಟು ನಾಲ್ಕೇ ಇದ್ದರೂ ನಡೆಯುತ್ತದೆ. ಕಾಣಿಕೆ ಹುಂಡಿಯ ಹಣವಿದು. ರಸೀದಿ ಸಮಿತಿಯ ಹೆಸರಿನಲ್ಲಿರಲಿ.