ಹೊಳೆಯ ನೀರೂ ಕೃತಕ ಬುದ್ಧಿಯೂ



ಹಾನಗಲ್ಲ ಕಡೆಯ ಭತ್ತದ ಗದ್ದೆಯಿಂದ ಬಸಿದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ "ಹಳ್ಳಕ್ಕರೀ" ಎನ್ನುತ್ತೀರಿ. ಹಳ್ಳದ ನೀರು ಧರ್ಮಾ ನದಿಗೆ, ಧರ್ಮಾ ನದಿಯದು ವರದೆಗೆ. ವರದೆ ಸವಣೂರು ಸೀಮೆಯನ್ನು ಹಾಯ್ದು ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಹಿರೇಕೆರೂರು ಕಡೆಯ ನೀರನ್ನು ಕುಮುದ್ವತಿ ಒಯ್ದು ಅದೇ ತುಂಗಭದ್ರೆಗೆ ಹಾಕುತ್ತದೆ. ಶಿಗ್ಗಾಂವಿಯವರದು ಎರಡು ದಾರಿ: ಒಂದಷ್ಟು ವರದೆಗೆ, ದುಂಡಶಿಯ ಬಳಿ ಹುಟ್ಟುವ ಬೆಣ್ಣೆಹಳ್ಳದ ಪಾಲಿನದು ಉತ್ತರಕ್ಕೆ, ಮಲಪ್ರಭೆಗೆ. ಕೊನೆಗೆ ಎಲ್ಲವೂ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ. ಈ ದಾರಿಯುದ್ದಕ್ಕೂ ಇದೇ ನೀರನ್ನು ಕುಡಿಯುವ ಊರುಗಳಿವೆ. ನಾವು ದುಡ್ಡು ಕೊಟ್ಟು ತಂದ ಸರಕಾರಿ ಗೊಬ್ಬರವೂ, ಹುಳಕ್ಕೆ ಹೊಡೆಯುವ ಎಣ್ಣೆಯೂ ಈ ನೀರಿನ ಸಂಗಡ ಹೋಗುತ್ತಿವೆ. ಅದನ್ನು ತಗ್ಗಿಸುವುದಕ್ಕೆ ಕೃತಕ ಬುದ್ಧಿ ಎಂಬ ಹೊಸ ಸಾಧನದಿಂದ ಎಷ್ಟು ಉಪಯೋಗವಾದೀತು, ಎಲ್ಲಿ ಆಗದು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಮೊದಲು ಗೊಬ್ಬರದ ಲೆಕ್ಕ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 21 ಕಿಲೋ. ಬೆಳೆಯ ಬಾಯಿಗೆ ಬೀಳುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಕೆಲವಂಶ ಗಾಳಿಗೆ, ಕೆಲವಂಶ ನೈಟ್ರೇಟಾಗಿ ನೀರಿಗೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳಲಾರದು. ಡಿ.ಎ.ಪಿ.ಯ ರಂಜಕ ಹಾಗಲ್ಲ. ಅದು ಮಣ್ಣಿಗೆ ಅಂಟಿಕೊಂಡಿದ್ದು, ಮಣ್ಣು ಕೊಚ್ಚಿದಾಗ ಅದರೊಡನೆ ಹೊರಡುತ್ತದೆ. ಎರಡೂ ಕೆರೆ ಸೇರಿದರೆ ಪಾಚಿಗೆ ಹಬ್ಬ. ಹಗಲು ಹಸಿರಾಗಿ ಕಾಣುವ ಪಾಚಿ ರಾತ್ರಿ ನೀರೊಳಗಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಅಂಥ ಕೆರೆಯಲ್ಲಿ ನಸುಕಿನ ಹೊತ್ತು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಈ ಕಾರಣದಿಂದ. ಇನ್ನು ಕುಡಿಯುವ ನೀರು. ಅದರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ಜೀವಕ್ಕೇ ಅಪಾಯ.

ಕೃತಕ ಬುದ್ಧಿ ಎಂದರೆ ಮಾಟಮಂತ್ರವಲ್ಲ. ದನದ ಸಂತೆಯಲ್ಲಿ ಹಳೆಯ ದಲಾಲಿ ಎತ್ತಿನ ಹಲ್ಲು ನೋಡಿ, ನಡಿಗೆ ನೋಡಿ ಪ್ರಾಯ ಹೇಳುತ್ತಾನಲ್ಲವೇ? ಅವನು ಸಾವಿರಾರು ಎತ್ತು ಕಂಡಿದ್ದಾನೆ. ಯಂತ್ರಕ್ಕೂ ಹೀಗೆಯೇ ಸಾವಿರಾರು ಚಿತ್ರ ತೋರಿಸಿ "ಇದು ಲದ್ದಿ ಹುಳ, ಇದು ಕಾಂಡ ಕೊರಕ" ಎಂದು ಕಲಿಸಿರುತ್ತಾರೆ. ತೋರಿಸದೆ ಇದ್ದದ್ದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಗುಣವೂ ಕಡಿಮೆ. ಇದರಲ್ಲೂ ಅದು ಕೆಲವು ದಲಾಲಿಗಳನ್ನೇ ಹೋಲುತ್ತದೆ.

ಗೋವಿನಜೋಳದ ಲದ್ದಿ ಹುಳ ನಿಮಗೆಲ್ಲ ಗೊತ್ತು. ಅಮೇರಿಕೆಯ ಕಡೆಯ ಈ ಹುಳ ಭಾರತದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಹೆಸರು ಗೊತ್ತಿಲ್ಲದ ಹುಳ ಬಂದಾಗ ಮನುಷ್ಯ ಏನು ಮಾಡುತ್ತಾನೆ? ಅಂಗಡಿಯವನು ಕೊಟ್ಟ ಎರಡು ಮೂರು ಎಣ್ಣೆ ಕೂಡಿಸಿ ಹೊಲವೆಲ್ಲ ತೋಯುವಂತೆ ಹೊಡೆಯುತ್ತಾನೆ. ಹುಳ ಕೂತಿರುವುದು ಸುಳಿಯೊಳಗೆ. ಎಲೆಯ ಮೇಲೆ, ನೆಲದ ಮೇಲೆ ಬಿದ್ದ ಎಣ್ಣೆ ಮಳೆ ಬಂದರೆ ಹಳ್ಳಕ್ಕೆ. ಇಂಥ ಕಡೆ ಯಂತ್ರದಿಂದ ಉಪಯೋಗವುಂಟು. ಕೇಂದ್ರ ಸರಕಾರ 2024ರ ಆಗಸ್ಟ್ 15ರಂದು ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯನ್ನು ಆರಂಭಿಸಿತು. ಮೊಬೈಲಿನಲ್ಲಿ ಹುಳದ ಫೋಟೋ ತೆಗೆದು ಕಳಿಸಿದರೆ ಯಾವ ಹುಳ, ಏನು ಉಪಾಯ ಎಂದು ತಿಳಿಸುವ ಏರ್ಪಾಡು ಇದು. ಆರಂಭದಲ್ಲೇ 61 ಬೆಳೆ, 400ಕ್ಕೂ ಮೇಲ್ಪಟ್ಟು ಕೀಟಗಳು ಇದರ ಲೆಕ್ಕದಲ್ಲಿದ್ದವು. ಹುಳ ಯಾವುದೆಂದು ಗೊತ್ತಾದರೆ ಎಣ್ಣೆ ಒಂದೇ ಸಾಕು, ಪ್ರಮಾಣವೂ ಗೊತ್ತು. ಲದ್ದಿ ಹುಳಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. ಲೀಟರ್ ನೀರಿಗೆ 0.4 ಗ್ರಾಂ, ಅದೂ ಸುಳಿಗೆ ಬೀಳುವಂತೆ. "ಇರಲಿ ಬಿಡು" ಎಂದು ಒಂದು ಗ್ರಾಂ ಹಾಕಿದರೆ ಹುಳ ಎರಡು ಸಲ ಸಾಯುವುದಿಲ್ಲ.

ಎರಡನೆಯದು ಮಳೆಯ ಸುದ್ದಿ. 2025ರ ಮುಂಗಾರಿಗೆ ಕೃತಕ ಬುದ್ಧಿಯಿಂದ ತಯಾರಿಸಿದ ಮಳೆ ಮುನ್ಸೂಚನೆಯನ್ನು ಕೇಂದ್ರ ಕೃಷಿ ಇಲಾಖೆ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶದಲ್ಲಿ ಕಳಿಸಿತು. ಅದು ಹೇಳಿದ್ದು ಮುಂಗಾರು ಯಾವಾಗ ಹಿಡಿದೀತು ಎಂಬುದನ್ನು. ಬಿತ್ತನೆಯವನಿಗೆ ಬೇಕಾದ ಮಾತು. ಹೊಳೆಯ ದೃಷ್ಟಿಯಿಂದ ನಮಗೆ ಬೇಕಾದದ್ದು ಇನ್ನೂ ಸಣ್ಣದು: ನಾಳೆ ನಾಡಿದ್ದು ದೊಡ್ಡ ಮಳೆ ಬರುತ್ತದೋ ಇಲ್ಲವೋ. ಬರುವುದಾದರೆ ಮೇಲುಗೊಬ್ಬರದ ಚೀಲ ಬಿಚ್ಚಬಾರದು. ಇಷ್ಟೇ ಒಂದು ಮಾತನ್ನು ಹಾನಗಲ್ಲ ಸೀಮೆಯ ಗದ್ದೆಯವರೆಲ್ಲ ಪಾಲಿಸಿದರೆ ಧರ್ಮಾ ನದಿಗೆ ಇಳಿಯುವ ಯೂರಿಯಾ ಎಷ್ಟೋ ಕಡಿಮೆಯಾಗುತ್ತದೆ.

ಈಗ ಯಂತ್ರ ತಪ್ಪುವ ಜಾಗ. ರೈತರು ಕೇಳುವುದುಂಟು: "ಸಾಹೇಬ್ರ, ಬಾಜೂದವರ ಹೊಲ ಕರ್ರಗ ಕಾಣತೈತಿ, ನಂದು ಹಳದಿ ಆಗೈತಿ. ಇನ್ನೊಂದು ಚೀಲ ಒಗೀಲೇನು?" ಗೋವಿನಜೋಳ ಹಳದಿಯಾಗುವುದಕ್ಕೆ ಕಾರಣ ಒಂದಲ್ಲ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತದೆ. ಸತು ಕಡಿಮೆಯಾದರೆ ಮೇಲಿನ ಎಳೆಯ ಎಲೆಯಲ್ಲಿ ಬಿಳಿಚು ಪಟ್ಟಿ ಬೀಳುತ್ತದೆ. ಬೇರಿನಲ್ಲಿ ನೀರು ನಿಂತರೂ ಹಳದಿಯೇ. ಒಂದು ಎಲೆಯನ್ನು ಕಿತ್ತು ಫೋಟೋ ಕಳಿಸಿದರೆ ಅದು ಮೇಲಿನದೋ ಕೆಳಗಿನದೋ, ಹೊಲದಲ್ಲಿ ನೀರು ನಿಂತಿತ್ತೋ ಇಲ್ಲವೋ ಯಂತ್ರಕ್ಕೆ ಹೇಗೆ ತಿಳಿಯಬೇಕು? ನೀರು ನಿಂತ ಹೊಲಕ್ಕೆ ಯೂರಿಯಾ ಒಗೆದರೆ ಬೆಳೆ ಉಣ್ಣುವುದಿಲ್ಲ, ವರದೆ ಉಣ್ಣುತ್ತದೆ. ಆದ್ದರಿಂದ ಇಡೀ ಗಿಡದ ಒಂದು ಫೋಟೋ, ಕೆಟ್ಟ ಎಲೆಯ ಒಂದು ಫೋಟೋ, ಎರಡನ್ನೂ ತೆಗೆಯಿರಿ. ಉತ್ತರ ಬಂದ ಮೇಲೂ ಹೊಸ ಎಣ್ಣೆ ಕೊಳ್ಳುವ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

"ಕಾರ್ಖಾನಿಯವರಿಗೆ ಹೇಳೂದು ಬಿಟ್ಟು ನಮಗ್ಯಾಕ ಹೇಳ್ತೀರಿ?" ಎಂದರೆ ಆ ಪ್ರಶ್ನೆ ನ್ಯಾಯವಾದದ್ದೇ. 1984ರಲ್ಲಿ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದವು. ಹೊಳೆಯ ದಂಡೆಯ ಜನ ಹೋರಾಟಕ್ಕೆ ಇಳಿದರು. ಅಂದು ನೀರು ಕೆಟ್ಟ ಸಾಕ್ಷಿ ಸತ್ತ ಮೀನೇ. ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕಾರ್ಖಾನೆಗಳು ತಮ್ಮ ಕೊಳೆನೀರನ್ನು ಹಗಲೂ ರಾತ್ರಿ ಅಳೆಯುವ ಉಪಕರಣ ಇಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಆಜ್ಞೆ ಮಾಡಿತು. ಅಂಥ ಅಂಕಿಗಳ ರಾಶಿಯನ್ನು ನೋಡುತ್ತ ಕೂಡುವುದು ಮನುಷ್ಯನಿಂದಾಗದ ಕೆಲಸ, ಯಂತ್ರಕ್ಕೆ ಹೇಳಿ ಮಾಡಿಸಿದ್ದು. ಹೊಳೆಯಲ್ಲೂ ಇಂಥ ಉಪಕರಣ ಇಟ್ಟು, ದಿನದ ಏರಿಳಿತ ಕಲಿಸಿದರೆ, ಯಾವ ರಾತ್ರಿ ಆಮ್ಲಜನಕ ಎಂದಿನಂತಲ್ಲದೆ ಕುಸಿಯಿತು ಎಂದು ಅದು ಎತ್ತಿ ತೋರಿಸಬಲ್ಲದು. ಮೀನಿಗೆ ಲೀಟರಿಗೆ 4 ಮಿಲಿಗ್ರಾಂ ಆದರೂ ಬೇಕು. ಆದರೆ ಅಳೆಯುವ ಕಡ್ಡಿಗೆ ಪಾಚಿ ಕಟ್ಟಿದರೆ ಅಂಕಿ ಸುಳ್ಳಾಗುತ್ತದೆ. ಅದನ್ನು ತಿಕ್ಕಿ ತೊಳೆಯುವವನು ಮನುಷ್ಯನೇ. ಯಂತ್ರ ತೋರಿಸಿದ ಮೇಲೆ ಕೊಳವೆ ಮುಚ್ಚಿಸುವುದೂ ಮಂಡಳಿಯ ಕೆಲಸ, ಯಂತ್ರದ್ದಲ್ಲ.

ಇನ್ನು ಎಣ್ಣೆ ಹೊಡೆದ ಪಂಪನ್ನು ಹಳ್ಳದಲ್ಲಿ ಅದ್ದಿ ತೊಳೆಯುವುದಿದೆಯಲ್ಲ, ಇದಕ್ಕೆ ಯಾವ ಯಂತ್ರದ ಬುದ್ಧಿಯೂ ಬೇಡ. ಒಂದು ಕೊಡ ನೀರನ್ನು ಹೊಲಕ್ಕೇ ಒಯ್ಯಿರಿ. ಮೂರು ಸಲ ಸ್ವಲ್ಪ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಅದೇ ಬೆಳೆಯ ಮೇಲೆ ಹೊಡೆದುಬಿಡಿ. ಬಾಟಲಿಯನ್ನೂ ಹಾಗೆಯೇ ತೊಳೆದು, ತೂತು ಮಾಡಿ ಇಡಿ, ಯಾರೂ ಅದರಲ್ಲಿ ಎಣ್ಣೆ ತುಪ್ಪ ತುಂಬದಂತೆ. ಹಳ್ಳದ ದಂಡೆಯ ಕೊನೆಯ ನಾಲ್ಕು ಸಾಲಿಗೆ ಗೊಬ್ಬರ ಒಗೆಯದೆ ಹುಲ್ಲು ಬಿಡಿ. ಮಣ್ಣೂ ರಂಜಕವೂ ಅಲ್ಲಿ ತಂಗುತ್ತವೆ, ದನಕ್ಕೆ ಮೇವೂ ಆಗುತ್ತದೆ.